ಅಗಲಿದವರ ವಂಶಾವಳಿ ಖಾತೆ ಮತ್ತು ಸತ್ಯಾಣುವ್ರತ

ಶ್ರಾವಕನ ಐದು ಅಣುವ್ರತಗಳಲ್ಲಿ ಸತ್ಯಾಣುವ್ರತವು ಎರಡನೆಯದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸಾಕ್ಷಿ, ಪತ್ರ, ಠೇವಣಿಗಳ ವ್ಯವಹಾರಕ್ಕೆ ಸೇರಿದವೆಂದು ತೋರುವ ಈ ಮಾತುಗಳು ಗಣಕಯಂತ್ರದ ಮುಂದೆ ಕುಳಿತ ಗೃಹಸ್ಥನಿಗೂ ಅನ್ವಯಿಸುತ್ತವೆ ಎಂಬುದಕ್ಕೆ ಒಂದು ಮನೆಯ ಸಂಗತಿ ನಿದರ್ಶನವಾಗಿದೆ.

ದಕ್ಷಿಣ ಕನ್ನಡದ ಜೈನ ಮನೆತನದ ಹಿರಿಯರೊಬ್ಬರು ಅಂತರ್ಜಾಲದ ತಾಣವೊಂದರಲ್ಲಿ ಖಾತೆ ತೆರೆದು ವರ್ಷಗಟ್ಟಲೆ ದುಡಿದು ವಂಶಾವಳಿಯನ್ನು ಕೂಡಿಸಿದ್ದರು. ಹಿಂದೆ ಅಳಿಯಸಂತಾನ ಕಟ್ಟಿಗೆ ಒಳಪಟ್ಟಿದ್ದ ಕುಟುಂಬವಾದ್ದರಿಂದ ಎಣಿಕೆಯೆಲ್ಲ ತಾಯಿಯ ಕಡೆಯಿಂದ. ತಂದೆಯ ಕುಲನಾಮವನ್ನೇ ಕೇಳುವ ತಾಣದ ನಮೂನೆಯೊಡನೆ ಅವರು ಎಷ್ಟು ಹೆಣಗಿದರೋ! ಅವರು ತೀರಿಕೊಂಡ ಮೇಲೆ, ದಿನಚರಿಯ ಕೊನೆಯ ಪುಟದಲ್ಲಿ ಬರೆದಿಟ್ಟಿದ್ದ ಪಾಸ್‌ವರ್ಡ್ ಸೋದರಳಿಯನ ಕೈಗೆ ಬಂದಿತು.

ಆತ ಖಾತೆ ತೆರೆದು ಹೊಸ ಹೆಸರುಗಳನ್ನು ಸೇರಿಸಿದ. ಅಮೆರಿಕದಲ್ಲಿರುವ ದೂರದ ನೆಂಟರ ಪ್ರಶ್ನೆಗೆ ಉತ್ತರಿಸಿದ. ಎಲ್ಲವೂ ಮಾವನ ಹೆಸರಿನಲ್ಲಿಯೇ ಹೋಯಿತು. ನೆಂಟರು ಸಂತೋಷದಿಂದ “ನಿಮ್ಮ ಆರೋಗ್ಯ ಹೇಗಿದೆ?” ಎಂದು ಮರಳಿ ಬರೆದಾಗ ಆತನಿಗೆ ಅಳುಕಾಯಿತು. ಒಬ್ಬನು ಹೇಳದುದನ್ನು, ಮಾಡದುದನ್ನು ಅವನೇ ಹೇಳಿದನೆಂದು, ಮಾಡಿದನೆಂದು ವಂಚನೆಗಾಗಿ ಬರೆಯುವುದು ಕೂಟಲೇಖವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇಲ್ಲಿ ವಂಚನೆಯ ಉದ್ದೇಶವಿರಲಿಲ್ಲವಲ್ಲ ಎನ್ನಬಹುದು. ಮೊದಲ ಉತ್ತರಕ್ಕೆ ಆ ಸಮಾಧಾನ ಸಲ್ಲುತ್ತದೆ. ಆರೋಗ್ಯ ವಿಚಾರಿಸಿದ ಮೇಲೂ ಮಾವನಾಗಿಯೇ ಉಳಿದರೆ ಸಲ್ಲದು. ಆತ ಮಾವನ ಮರಣವನ್ನು ತಿಳಿಸಿ ತನ್ನ ಹೆಸರಿನಲ್ಲಿ ಬರೆದ. ವಂಶಾವಳಿಯನ್ನು ಜೆಡ್‌ಕಾಮ್ ಕಡತವಾಗಿ ಇಳಿಸಿಕೊಂಡು ತನ್ನದೇ ಖಾತೆಗೆ ಸೇರಿಸಿ, ಸಂಗ್ರಹಿಸಿದವರು ಯಾರೆಂಬುದನ್ನು ನಮೂದಿಸಿದ.

ಪಾಸ್‌ವರ್ಡ್ ದೊರೆತ ಮಾತ್ರಕ್ಕೆ ಒಡೆತನ ಬಾರದು. ಬ್ಯಾಂಕ್ ಠೇವಣಿಗೆ ನಾಮಿನಿಯಾದವನು ಹಣವನ್ನು ಪಡೆಯಬಲ್ಲನೇ ಹೊರತು ಅದರ ಒಡೆಯನಾಗನೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿಯೂ ಮರಣಾನಂತರಕ್ಕೆಂದು ಒಬ್ಬರನ್ನು ನಾಮನಿರ್ದೇಶನ ಮಾಡುವ ಹಕ್ಕನ್ನು ಹೇಳಲಾಗಿದೆ. ಇಂಥ ಖಾತೆ ಆಸ್ತಿಯಲ್ಲ, ನ್ಯಾಸ.

ಕಠಿಣವಾದ ಭಾಗ ಆಮೇಲೆ ಬಂದಿತು. ಬದುಕಿರುವವರ ವಿವರಗಳು ಇಂಥ ತಾಣಗಳಲ್ಲಿ ಸಾಮಾನ್ಯವಾಗಿ ಇತರರಿಗೆ ಕಾಣಿಸವು. ಹಾಗೆ ಮರೆಯಲ್ಲಿದ್ದ ಒಂದು ಟಿಪ್ಪಣಿಯಲ್ಲಿ, ದೊಡ್ಡಮ್ಮನ ಮಗಳೆಂದು ಎಲ್ಲರೂ ತಿಳಿದಿದ್ದಾಕೆಯನ್ನು ಹಸುಳೆಯಾಗಿದ್ದಾಗ ಬೇರೊಂದು ಮನೆಯಿಂದ ತಂದು ಸಾಕಿದ್ದರೆಂದೂ ಹೆತ್ತ ತಾಯಿ ಯಾರೆಂದೂ ಬರೆದಿತ್ತು. ಆಕೆಗೀಗ ಮೊಮ್ಮಕ್ಕಳಿದ್ದಾರೆ, ಈ ವಿಷಯ ಆಕೆಗೆ ತಿಳಿಯದು. ಅಳಿಸಿಬಿಡು ಎಂದರು ಮನೆಯ ಕೆಲವರು. ದಾಖಲೆ ಸತ್ಯವಾಗಿರಬೇಕು, ಎಲ್ಲರಿಗೂ ಕಾಣುವಂತೆ ಹಾಕು ಎಂದರು ಇನ್ನು ಕೆಲವರು.

ಎಲ್ಲರ ಮುಂದಿಟ್ಟರೆ ಅದು ರಹೋಭ್ಯಾಖ್ಯಾನದ ದಾರಿ. ಅಳಿಸುವುದೋ? ಇಟ್ಟ ಹಣದ ಲೆಕ್ಕ ಮರೆತವನು ಬಂದು ಕಡಿಮೆ ಕೇಳಿದಾಗ “ಹೌದು, ಅಷ್ಟೇ” ಎಂದು ಒಪ್ಪಿಬಿಡುವುದೇ ನ್ಯಾಸಾಪಹಾರವೆಂದು ಪೂಜ್ಯಪಾದರು ಹೇಳುತ್ತಾರೆ. ಸುಳ್ಳನ್ನು ಮೊದಲು ಆಡಿದವನು ಕೇಳಿದವನೇ. ಆದರೂ ದೋಷ ಇಟ್ಟುಕೊಂಡವನದು. ನಾಳೆ ಆಕೆ “ನನ್ನ ಬಗ್ಗೆ ಮಾವ ಬರೆದದ್ದು ಇಷ್ಟೆಯೇ?” ಎಂದರೆ ಏನೆನ್ನಬೇಕು? ಕೇಳುವವರೆಗೆ ಸುಮ್ಮನಿರೋಣವೆನ್ನುವುದೂ ಪೂರ್ತಿ ಒಪ್ಪುವ ಮಾತಲ್ಲ. ಲೆಕ್ಕ ಮರೆತವನಿಗೆ ತಾನು ಏನನ್ನೋ ಇಟ್ಟಿದ್ದೇನೆಂಬುದಾದರೂ ಗೊತ್ತು. ಈಕೆಗೆ ಅದೂ ಗೊತ್ತಿಲ್ಲ. ಬೇಡದವರ ಮಡಿಲಿಗೆ ಇಂಥದನ್ನು ಹಾಕುವುದರಲ್ಲಿ ಹಿಂಸೆಯೂ ಇದೆ.

ಸೋದರಳಿಯ ಟಿಪ್ಪಣಿಯನ್ನು ಕಾಗದಕ್ಕಿಳಿಸಿ, ಲಕೋಟೆಯಲ್ಲಿಟ್ಟು ಅಂಟಿಸಿ, ಮೇಲೆ ಆಕೆಯ ಹೆಸರು ಬರೆದು ತಿಜೋರಿಯಲ್ಲಿರಿಸಿದ. ಬಳಿಕ ಆಕೆಯ ಮನೆಗೆ ಹೋಗಿ, “ಅಕ್ಕ, ಮಾವ ನಿಮ್ಮ ಕುರಿತು ಬರೆದದ್ದೊಂದು ನನ್ನಲ್ಲಿದೆ. ಬೇಕೆಂದಾಗ ಕೊಡುತ್ತೇನೆ, ಬೇಡವೆಂದರೆ ಹಾಗೆಯೇ ಇರುತ್ತದೆ” ಎಂದ. ಆಕೆ ಬಹಳ ಹೊತ್ತು ಆತನ ಮುಖ ನೋಡಿದರು. ದಶಲಕ್ಷಣ ಪರ್ವ ಮುಗಿಯಲಿ, ಬರುತ್ತೇನೆ ಎಂದರು.