ಗಣಿಯ ವಿಷ, ಸೂಕ್ಷ್ಮಜೀವಿಯ ದುಡಿಮೆ

ಗಣಿಗಳಿಂದ ಹೊರಬಿದ್ದು ಜಲವನ್ನು ಸೇರಿದ ವಿಷಲೋಹಗಳನ್ನು ಬ್ಯಾಕ್ಟೀರಿಯಾಗಳ ಮೂಲಕ ಬೇರ್ಪಡಿಸುವ ಕ್ರಮವು ಅಹಿಂಸಾಧರ್ಮಕ್ಕೆ ಸಮ್ಮತವೇ? ಕಣ್ಣಿಗೆ ಕಾಣದ ಅಸಂಖ್ಯ ಜೀವಿಗಳನ್ನು ವಿಷದ ನಡುವೆ ದುಡಿಸಿ ನಾವು ಶುದ್ಧಜಲವನ್ನು ಪಡೆಯಬಹುದೇ? ಕಾರವಾರ, ಅಂಕೋಲಾ ಸೀಮೆಯ ಶ್ರಾವಕರಿಗೆ ಗಣಿಯ ವಿಚಾರ ದೂರದ್ದಲ್ಲ. ಸಂಡೂರು, ಹೊಸಪೇಟೆಗಳ ಕಬ್ಬಿಣದ ಅದಿರು ಅರಬೈಲ್ ಘಟ್ಟವನ್ನಿಳಿದು ಬೇಲೇಕೇರಿ ಬಂದರಿಗೆ ಬರುತ್ತಿದ್ದ ದಿನಗಳನ್ನು ಇಲ್ಲಿನವರೆಲ್ಲ ಕಂಡಿದ್ದಾರೆ. 2010ರಲ್ಲಿ ಅಧಿಕಾರಿಗಳು ವಶಪಡಿಸಿಕೊಂಡಿದ್ದ ಅದಿರಿನಲ್ಲಿಯೇ ಲಕ್ಷಾಂತರ ಟನ್ ಅಲ್ಲಿಂದ ಕಾಣೆಯಾಯಿತು. ಅದೇ ವರ್ಷ ರಾಜ್ಯ ಸರ್ಕಾರ ರಫ್ತನ್ನು ನಿಷೇಧಿಸಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು.

ಆ ಕೆಂಧೂಳಿಗೆ ಬ್ಯಾಕ್ಟೀರಿಯಾ ಮದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಈ ಚಿಕಿತ್ಸೆ ಬೇಕಾಗುವುದು ಮುಖ್ಯವಾಗಿ ತಾಮ್ರ, ಸತು, ಚಿನ್ನದ ಗಣಿಗಳಲ್ಲಿ. ಅಲ್ಲಿನ ಶಿಲೆಯಲ್ಲಿ ಲೋಹವು ಗಂಧಕದೊಡನೆ ಕೂಡಿರುತ್ತದೆ. ನಮ್ಮ ರಾಜ್ಯದ ಹಟ್ಟಿಯ ಚಿನ್ನದ ಅದಿರಿನಲ್ಲಿಯೂ ಆರ್ಸೆನಿಕ್ ಮತ್ತು ಗಂಧಕ ಬೆರೆತ ಖನಿಜಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಕೆ. ಎ. ನಟರಾಜನ್ ಅವರು ಅದಿರು ಮತ್ತು ಬ್ಯಾಕ್ಟೀರಿಯಾಗಳ ಈ ಸಂಬಂಧವನ್ನು ದಶಕಗಳ ಕಾಲ ಅಭ್ಯಸಿಸಿದವರು. ಇಂತಹ ಶಿಲೆಯನ್ನು ಒಡೆದು ಗಾಳಿಗೂ ಮಳೆಗೂ ಒಡ್ಡಿದಾಗ ಒಂದು ಜಾತಿಯ ಬ್ಯಾಕ್ಟೀರಿಯಾ ಗಂಧಕಾಮ್ಲವನ್ನು ಉಂಟುಮಾಡುತ್ತದೆ. ಆ ಆಮ್ಲದಲ್ಲಿ ಲೋಹವು ಕರಗಿ ಹಳ್ಳಕ್ಕೆ ಇಳಿಯುತ್ತದೆ. ಗಾಳಿಯಿಲ್ಲದ ಕೆಸರಿನಲ್ಲಿ ಬಾಳುವ ಇನ್ನೊಂದು ಜಾತಿಯು ಸಲ್ಫೇಟನ್ನು ಸಲ್ಫೈಡಾಗಿ ಮಾರ್ಪಡಿಸಿ, ಕರಗಿದ ಲೋಹವನ್ನು ಪುನಃ ಗಟ್ಟಿಯಾಗಿಸಿ ತಳಕ್ಕೆ ಇಳಿಸುತ್ತದೆ. ಅಮೆರಿಕದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ 1984ರಿಂದ ಬೇರೊಂದು ಜಾತಿಯ ಬ್ಯಾಕ್ಟೀರಿಯಾಗಳಿಂದ ತ್ಯಾಜ್ಯನೀರಿನ ಸಯನೈಡನ್ನು ಒಡೆದು, ಲೋಹಗಳನ್ನು ತಗ್ಗಿಸಿ ಹೊಳೆಗೆ ಬಿಡಲಾಯಿತು. ಒಂದು ಶತಮಾನ ಗಣಿಯ ಕೊಳೆಯನ್ನು ಹೊತ್ತಿದ್ದ ಆ ಹೊಳೆಗೆ ಮೀನುಗಳು ಮರಳಿದವು.

ಬ್ಯಾಕ್ಟೀರಿಯಾವನ್ನು ನಿಗೋದ ಜೀವವೆನ್ನಬೇಕೋ ಬೇರೆಯೆನ್ನಬೇಕೋ ಎಂಬುದನ್ನು ಪಂಡಿತರು ಚರ್ಚಿಸಲಿ. ಜೀವವೆಂದು ಒಪ್ಪಿ ನಡೆಯುವುದೇ ಶ್ರಾವಕನಿಗೆ ಕ್ಷೇಮ. ತತ್ತ್ವಾರ್ಥಸೂತ್ರವು ಪ್ರಮಾದದಿಂದ ಆಗುವ ಪ್ರಾಣಹಾನಿಯನ್ನು ಹಿಂಸೆಯೆಂದು ಕರೆದಿದೆ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಬಿಡಲೇಬೇಕು. ಆರಂಭೀ, ಉದ್ಯೋಗೀ ಹಿಂಸೆಗಳಲ್ಲಿ ಯತ್ನಾಚಾರದಿಂದ ವರ್ತಿಸಬೇಕು. ಈ ದೃಷ್ಟಿಯಿಂದ ನೋಡಿದರೆ ಎರಡು ದಾರಿಗಳ ಭೇದ ಸ್ಪಷ್ಟವಾಗುತ್ತದೆ. ಆಮ್ಲಕಾರಕ ಬ್ಯಾಕ್ಟೀರಿಯಾವನ್ನು ಸಾಬೂನಿನಂತಹ ರಾಸಾಯನಿಕ ಸುರಿದು ಕೊಲ್ಲುವ ಕ್ರಮವೂ ಉಂಟು. ಗೊಬ್ಬರ, ಮರದ ಹೊಟ್ಟು ಮುಂತಾದುವನ್ನು ಆಹಾರವಾಗಿತ್ತು ಇನ್ನೊಂದು ಜಾತಿಯನ್ನು ಬೆಳೆಸುವ ಕ್ರಮವೂ ಉಂಟು. ಮೊದಲನೆಯದರ ಗುರಿಯೇ ವಧೆ, ಎರಡನೆಯದು ಪೋಷಣೆ. ಅಲ್ಲಿ ಸಾಯುವ ಜೀವಿಗಳಿಲ್ಲವೆಂದಲ್ಲ, ಆದರೆ ಸಾಯಿಸುವುದು ಉದ್ದೇಶವಲ್ಲ.

ನಮ್ಮ ಮನೆಗಳಲ್ಲಿ ನೀರನ್ನು ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ತಲುಪಿಸುವ ಪದ್ಧತಿಯಿತ್ತು. ಬೇರೆ ನೀರಿನಲ್ಲಿ ಅವು ಬದುಕಲಾರವೆಂಬ ಕರುಣೆ ಅದರ ಹಿಂದಿದೆ. ಈಗ ನಲ್ಲಿಯ ಮುಂದೆ ನಿಂತವರಿಗೆ ಬಾವಿಯನ್ನು ಎಲ್ಲಿಂದ ತರುವುದು! ಆದರೂ ಆ ವಿವೇಕ ಇಲ್ಲಿಗೆ ಸಲ್ಲುತ್ತದೆ: ಆಯಾ ನೆಲದ ಕೆಸರಿನಲ್ಲಿ ಸಹಜವಾಗಿರುವ ಬ್ಯಾಕ್ಟೀರಿಯಾವನ್ನೇ ಅಲ್ಲಿಯೇ ಬೆಳೆಸುವುದು, ಪರದೇಶದ ತಳಿಯನ್ನು ತಂದು ಸುರಿಯುವುದಕ್ಕಿಂತ ಮೇಲು.

ಇಷ್ಟು ಒಪ್ಪಿದ ಮೇಲೂ ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಲೋಹವು ಮೂಲಧಾತು, ಬ್ಯಾಕ್ಟೀರಿಯಾ ಅದರ ರೂಪವನ್ನು ಬದಲಿಸೀತು, ಇಲ್ಲವಾಗಿಸದು. ತಳಕ್ಕಿಳಿದ ಕೆಸರನ್ನು ಯಾರೋ ಕಾಯುತ್ತಲೇ ಇರಬೇಕು. ವಾಣಿಜ್ಯದ ಭಾಷೆಯಲ್ಲಿ ಹೇಳುವುದಾದರೆ ಸಾಲವು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗವಾಯಿತೇ ಹೊರತು ತೀರಲಿಲ್ಲ. ಕರ್ಮದ ಖಾತೆಯಲ್ಲಂತೂ ಆ ವರ್ಗಾವಣೆಯೂ ಇಲ್ಲ: ಲೋಭದಿಂದ ಅಗೆದವನ ಬಂಧವನ್ನು ಸೂಕ್ಷ್ಮಜೀವಿಯ ದುಡಿಮೆ ಸವೆಸಲಾರದು. ಭೂಮಿಯನ್ನು ಒಡೆದು ಜೀವಿಸುವ ಸ್ಫೋಟಕರ್ಮವನ್ನು ಶ್ರಾವಕಾಚಾರವು ಖರಕರ್ಮಗಳಲ್ಲಿ ಎಣಿಸಿರುವುದು ಸುಮ್ಮನೆ ಅಲ್ಲ.

ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊದಲಿಗೇ ಇರಿಸಿದ್ದಾರೆ. ಗಣಿಯ ಲಾಭದಿಂದ ಬರುವ ದಾನದ ಮುಂದೆ ನಮ್ಮ ಬಸದಿಗಳ ಆಡಳಿತ ಮಂಡಳಿಗಳು ಇದನ್ನು ನೆನೆಯಬೇಕು. ಅಗೆದ ನೆಲವನ್ನು ಮುಚ್ಚುವ, ನೀರನ್ನು ಶುದ್ಧಿಗೊಳಿಸುವ, ಕೆಸರನ್ನು ಕಾಯುವ ವೆಚ್ಚವನ್ನು ಕಳೆಯದೆ ತೋರಿಸಿದ್ದು ಲಾಭವೇ ಅಲ್ಲ. ಹಳ್ಳದ ಕೆಳಗಿನ ಊರಿನವರಿಂದ ಕೇಳದೆ ತಂದ ಕಡ. ಅಂತಹ ಹಣದಲ್ಲಿ ಮಾನಸ್ತಂಭ ನಿಲ್ಲಿಸಲು ಬಂದ ದಾನಿಯನ್ನು, ಮೊದಲು ಆ ಊರಿನ ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ ಬನ್ನಿ ಎಂದು ವಿನಯದಿಂದ ಕೇಳುವ ಧೈರ್ಯ ಎಷ್ಟು ಮಂಡಳಿಗಳಿಗೆ ಇದೆ?