ತಾಯ್ನುಡಿಯ ಋಣವೂ ಕಲಾವಿದನ ಸ್ವಾತಂತ್ರ್ಯವೂ

ಒಂದು ನುಡಿಯ ಮಡಿಲಲ್ಲಿ ಹುಟ್ಟಿದ ಕಲಾವಿದನು ಮತ್ತೊಂದು ನುಡಿಯಲ್ಲಿ ಕೃತಿಗಳನ್ನು ರಚಿಸಿದರೆ, ಆತನು ತಾಯ್ನುಡಿಗೆ ದ್ರೋಹವೆಸಗಿದಂತಾಗುವುದೇ? ಆಳಂದ, ಅಫಜಲಪುರ, ಜೇವರ್ಗಿಗಳ ಮನೆತನಗಳಿಗೆ ಇದು ಬರಿಯ ತರ್ಕದ ಮಾತಲ್ಲ. ಇಲ್ಲಿ ಕನ್ನಡ, ಮರಾಠಿ, ಉರ್ದುಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಪರನುಡಿಯ ಊರುಗಳನ್ನು ಸೇರುತ್ತಾರೆ. ಹಿರಿಯರ ಮನಸ್ಸಿನಲ್ಲಿ ಶಂಕೆಯೊಂದು ಉಳಿದೇ ಇರುತ್ತದೆ.

ಪಂಡಿತ ಕುಮಾರ ಗಂಧರ್ವರ ಜೀವನವು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲು. 1924ರಲ್ಲಿ ಬೆಳಗಾವಿಯ ಬಳಿಯ ಸುಳೇಭಾವಿಯಲ್ಲಿ ಕನ್ನಡದ ಮನೆಯೊಂದರಲ್ಲಿ ಜನಿಸಿದ ಶಿವಪುತ್ರನೇ ಮುಂದೆ ಈ ಹೆಸರಿನಿಂದ ಲೋಕವಿಖ್ಯಾತನಾದನು. ಮುಂಬಯಿಯಲ್ಲಿ ಬಿ. ಆರ್. ದೇವಧರರಲ್ಲಿ ಶಿಕ್ಷಣ ಪಡೆದ ಅವರು ಕ್ಷಯರೋಗಕ್ಕೆ ತುತ್ತಾಗಿ 1948ರಲ್ಲಿ ಮಾಳವದ ದೇವಾಸವನ್ನು ಸೇರಿದರು. ಕೆಲವು ವರ್ಷ ಹಾಡುವುದೇ ನಿಂತುಹೋಯಿತು. ಆ ಮೌನದಲ್ಲಿ ಅವರು ಸುತ್ತಲಿನ ಹಳ್ಳಿಗರ ಪದಗಳಿಗೆ ಕಿವಿಗೊಟ್ಟರು. ರಾಗಗಳ ಬೀಜವು ಜನಪದ ಧಾಟಿಯಲ್ಲಿರುವುದೆಂದು ಕಂಡುಕೊಂಡರು. ಅಲ್ಲಿಂದಲೇ ಮಾಲವತಿ, ಲಗನಗಂಧಾರ ಮೊದಲಾದ ಹೊಸ ರಾಗಗಳನ್ನು ರೂಪಿಸಿದರು. 1965ರಲ್ಲಿ ಪ್ರಕಟವಾದ ‘ಅನೂಪರಾಗವಿಲಾಸ’ವು ಈ ಸಾಧನೆಯ ಸಂಗ್ರಹವಾಗಿದೆ. 1992ರಲ್ಲಿ ದೇವಾಸದಲ್ಲಿಯೇ ಅವರು ದೇಹವಿಟ್ಟರು.

ಆ ರಚನೆಗಳ ನುಡಿ ಕನ್ನಡವಲ್ಲ. ಇದರಿಂದ ನಮಗೆ ನಷ್ಟವಾಯಿತೆಂಬುದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಲ್ಲ. ಆಳಂದದ ಸೀಮೆಯ ಅಮರಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡಿ ತನ್ನ ಹೆಸರನ್ನು ಕಳೆದುಕೊಂಡರೂ, ಆ ನೀರು ಜೇವರ್ಗಿಯತ್ತ ಹರಿಯುತ್ತಲೇ ಇರುವುದೆಂದು ಸಮಾಧಾನ ಹೇಳಬಹುದು. ಆದರೆ ನದಿಗೆ ಆಯ್ಕೆಯಿಲ್ಲ, ಮನುಷ್ಯನಿಗಿದೆ. ಆದುದರಿಂದಲೇ ಇದು ನೀತಿಯ ಪ್ರಶ್ನೆ.

ನನ್ನ ಎಣಿಕೆಯಲ್ಲಿ, ನುಡಿಯನ್ನು ಬಿಟ್ಟು ದೂರ ಹೋಗುವುದು ಬೇರೆ, ಅದನ್ನು ಹೀನವೆಂದು ಬಗೆಯುವುದು ಬೇರೆ. ಮೊದಲನೆಯದು ವಿಯೋಗ, ಎರಡನೆಯದೇ ದ್ರೋಹ. ಪರನಾಡನ್ನು ಸೇರಿದವನು ಅಲ್ಲಿಯ ನೆಲಕ್ಕೂ ಋಣಿಯಾಗುತ್ತಾನೆ. ಕುಮಾರರು ಪಾಂಡಿತ್ಯದ ಗರ್ವವನ್ನು ಬದಿಗಿಟ್ಟು, ಅಕ್ಷರವರಿಯದ ಹೆಂಗಸರ ಹಾಡನ್ನೂ ಶಾಸ್ತ್ರದಷ್ಟೇ ಗೌರವದಿಂದ ಆಲಿಸಿ ಆ ಋಣವನ್ನು ಸಲ್ಲಿಸಿದರು.

ಹಾಗಾದರೆ ತಾಯ್ನುಡಿಯ ಋಣವನ್ನು ತೀರಿಸಬೇಕಾದವರು ಯಾರು? ಹೋದವರಿಗಿಂತ ಹೆಚ್ಚಾಗಿ, ಇಲ್ಲಿಯೇ ಉಳಿದಿರುವ ನಾವು. ನಮ್ಮ ಅಜ್ಜಿಯರ ಬೀಸುವ ಪದಗಳೂ ಮೊಹರಮ್ಮಿನಲ್ಲಿ ಹಾಡುವ ಕನ್ನಡದ ಪದಗಳೂ ಈ ಮೂರು ತಾಲ್ಲೂಕುಗಳಿಗೆ ಹೊಸವಲ್ಲ. ಮಾಳವದ ಹಾಡಿಗೆ ಅವರು ಕಿವಿಗೊಟ್ಟಷ್ಟು ಶ್ರದ್ಧೆಯಿಂದ ನಾವು ಇವಕ್ಕೆ ಕಿವಿಗೊಟ್ಟಿರುವೆವೇ? ದೂರ ಹೋದವರನ್ನು ಆಕ್ಷೇಪಿಸುವ ಮುನ್ನ ವಾಚಕರು ಇದನ್ನು ತಮ್ಮ ಮನೆಯಲ್ಲಿ ವಿಚಾರಿಸಿ ನೋಡಲಿ.