ಮಾರುವವನ ಮೌನ

ಒಬ್ಬರು ಬಳಸಿದ ವಸ್ತುವನ್ನು ಮತ್ತೊಬ್ಬರು ಕೊಂಡು ಉಪಯೋಗಿಸುವುದು ಸ್ತುತ್ಯವೇ ಸರಿ. ಅದರಿಂದ ಹಣವೂ ಉಳಿಯುತ್ತದೆ, ವಸ್ತುವೂ ವ್ಯರ್ಥವಾಗುವುದಿಲ್ಲ. ಆದರೆ ಇಂತಹ ವ್ಯವಹಾರದಲ್ಲಿ ವಸ್ತುವಿನ ಪೂರ್ವವೃತ್ತಾಂತವನ್ನು ಬಲ್ಲವನು ಮಾರುವವನೊಬ್ಬನೇ. ಅವನು ಕೇಳದೆಯೇ ಹೇಳಬೇಕೆ, ಕೇಳಿದಾಗ ಮಾತ್ರ ಹೇಳಿದರೆ ಸಾಕೆ ಎಂಬುದೇ ಇಲ್ಲಿನ ಪ್ರಶ್ನೆ.

ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳಲ್ಲಿ ಓದುವ ತರುಣರು ಕೊಳ್ಳುವ ಹಳೆಯ ಗ್ರಾಫಿಕ್ಸ್ ಕಾರ್ಡನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕಂಪ್ಯೂಟರಿನ ತೆರೆಯ ಮೇಲೆ ಚಿತ್ರಗಳನ್ನು ಮೂಡಿಸುವ ಈ ಭಾಗವನ್ನು ಕೆಲವರು ಡಿಜಿಟಲ್ ನಾಣ್ಯದ ‘ಗಣಿಗಾರಿಕೆ’ಗಾಗಿ ಹಗಲಿರುಳೂ ಓಡಿಸುತ್ತಿದ್ದರು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ನಾಣ್ಯವು ಆ ಪದ್ಧತಿಯನ್ನು ಕೈಬಿಟ್ಟ ಮೇಲೆ ಜಗತ್ತಿನಾದ್ಯಂತ ಅಂತಹ ಕಾರ್ಡುಗಳು ಹಳೆಯ ಸರಕಿನ ಮಾರುಕಟ್ಟೆಗೆ ಬಂದವು. ಅವೆಲ್ಲವೂ ಕೆಟ್ಟವೆಂದಲ್ಲ, ಆದರೆ ಫ್ಯಾನು ಸವೆದಿರಬಹುದು, ಶಾಖವನ್ನು ಹೊರಸಾಗಿಸುವ ಲೇಪ ಒಣಗಿರಬಹುದು. ಇನ್ನು ಕೆಲವು ಶುದ್ಧ ವಂಚನೆಯವು. ಹಳೆಯ ಅಗ್ಗದ ಚಿಪ್ಪಿನ ಒಳಗಿನ ತಂತ್ರಾಂಶವನ್ನು ತಿದ್ದಿ, ಅದು ಹೊಸ ಕಾರ್ಡಿನ ಹೆಸರನ್ನೇ ಹೇಳುವಂತೆ ಮಾಡಿರುತ್ತಾರೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನು, ಅಂದರೆ ಒಂದನ್ನು ತೋರಿಸಿ ಅದರಂತೆಯೇ ಕಾಣುವ ಇನ್ನೊಂದನ್ನು ಕೊಡುವುದನ್ನು, ಎಣಿಸಿದೆ. ಕದ್ದ ಮಾಲನ್ನು ಕೊಳ್ಳುವುದೂ ಅಲ್ಲಿಯೇ ಸೇರಿದೆ. ಆದುದರಿಂದ ಪರೀಕ್ಷಿಸುವುದು ಕೊಳ್ಳುವವನಿಗೆ ಕೇವಲ ಜಾಣತನವಲ್ಲ, ಕರ್ತವ್ಯವೂ ಹೌದು. ರಟ್ಟಿನ ಪೆಟ್ಟಿಗೆಯ ಮೇಲಿನ ಕ್ರಮಸಂಖ್ಯೆಯೂ ಕಾರ್ಡಿನ ಮೇಲಿನದೂ ಒಂದೇ ಆಗಿವೆಯೇ, ಮೂಲ ರಸೀದಿ ಇದೆಯೇ, ತಿರುಪುಗಳ ತಲೆ ಸವೆದಿದೆಯೇ ಎಂದು ನೋಡಬೇಕು. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವು ಅನೇಕ ನಕಲಿ ಕಾರ್ಡುಗಳನ್ನು ಹೆಸರಿಡಿದು ತೋರಿಸುತ್ತದೆ. ಕಾರ್ಡನ್ನು ಅರ್ಧ ಗಂಟೆ ಪೂರ್ಣಭಾರದಲ್ಲಿ ಓಡಿಸಿ, ಬಿಸಿ ಮಿತಿಮೀರುವುದೇ, ತೆರೆಯ ಮೇಲೆ ಗೆರೆಗಳೋ ಚುಕ್ಕೆಗಳೋ ಮೂಡುವುವೇ ಎಂದು ಗಮನಿಸಬೇಕು. ಇದರಿಂದ ಮಾರುವವನು ನೊಂದುಕೊಳ್ಳಬೇಕಾಗಿಲ್ಲ. ಯಶವಂತಪುರದ ಮಂಡಿಗಳಲ್ಲಿ ಮೂಟೆಯೊಳಗಿನ ಕಾಳನ್ನು ಹೊರತೆಗೆದು ನೋಡಿದರೆ ಯಾರೂ ಅದನ್ನು ಅಪಮಾನವೆಂದು ಭಾವಿಸುವುದಿಲ್ಲ.

ಆದರೆ ಪರೀಕ್ಷೆಗೂ ಒಂದು ಎಲ್ಲೆಯುಂಟು. ಸತ್ತ ಕಾರ್ಡಿನ ಚಿಪ್ಪನ್ನು ಬಿಸಿಮಾಡಿ ಮತ್ತೆ ಜೀವ ಬರಿಸುವ ರಿಪೇರಿಯೊಂದಿದೆ. ಹಾಗೆ ಎದ್ದ ಕಾರ್ಡು ಹಲವು ವೇಳೆ ಕೆಲವೇ ವಾರಗಳಲ್ಲಿ ಮತ್ತೆ ಕೆಡುತ್ತದೆ. ಅರ್ಧ ಗಂಟೆಯ ಪರೀಕ್ಷೆಯಲ್ಲಿ ಮಾತ್ರ ಅದು ಚೆನ್ನಾಗಿಯೇ ನಡೆದೀತು. ಆ ಗುಟ್ಟನ್ನು ಬಲ್ಲವನು ಸುಳ್ಳಾಡದೆ ಸುಮ್ಮನಿದ್ದರೆ ದೋಷವುಂಟೆ?

1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು, ಬರಿಯ ಮೌನವು ಸಾಮಾನ್ಯವಾಗಿ ವಂಚನೆಯಲ್ಲವೆನ್ನುತ್ತದೆ. ಅದರ ದೃಷ್ಟಾಂತಗಳು ಮನನೀಯವಾಗಿವೆ. ತನ್ನ ಕುದುರೆಗೆ ರೋಗವಿದೆಯೆಂದು ತಿಳಿದೂ ಒಬ್ಬನು ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವನು ‘ನೀವು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದೇ ತಿಳಿಯುತ್ತೇನೆ’ ಎಂದ ಮೇಲೆ ಮಾತ್ರ ಆ ಮೌನ ಮಾತಿಗೆ ಸಮವಾಗುತ್ತದೆ. ಆದುದರಿಂದ ಕೊಳ್ಳುವವನು ‘ಇದನ್ನು ರಿಪೇರಿ ಮಾಡಿಸಿದ್ದುಂಟೆ? ಗಣಿಗಾರಿಕೆಗೆ ಬಳಸಿದ್ದುಂಟೆ?’ ಎಂದು ಬಾಯಿಬಿಟ್ಟು ಕೇಳುವುದು ಒಳ್ಳೆಯದು.

ಮೂರನೆಯದೊಂದು ದೃಷ್ಟಾಂತವೂ ಅಲ್ಲಿದೆ. ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಸ್ವಂತ ಮಗಳಾದರೆ, ಆಕೆ ಕೇಳದಿದ್ದರೂ ತಂದೆ ಹೇಳಲೇಬೇಕು. ಕಾನೂನು ಮಗಳಿಗೆ ಕೊಟ್ಟ ಈ ರಕ್ಷಣೆಯನ್ನು ಧರ್ಮವು ಅಪರಿಚಿತನಿಗೂ ಕೊಡೆನ್ನುತ್ತದೆ. ಏಕೆಂದರೆ ನಿಜ ತಿಳಿದಿದ್ದರೆ ಹತ್ತು ಸಾವಿರವನ್ನಷ್ಟೇ ಕೊಡುತ್ತಿದ್ದವನಿಂದ ಮೌನದ ಬಲದಿಂದ ಹದಿನೈದು ಸಾವಿರ ಪಡೆದರೆ, ಆ ಹೆಚ್ಚಿನ ಐದು ಸಾವಿರವನ್ನು ಅವನು ತಿಳಿದು ಕೊಟ್ಟದ್ದಲ್ಲ. ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ.

‘ನಿಜ ಹೇಳಿದರೆ ಯಾರು ಕೊಳ್ಳುತ್ತಾರೆ?’ ಎಂಬ ಆಕ್ಷೇಪಣೆ ಬರಬಹುದು. ಕೊಳ್ಳುವವರಿದ್ದಾರೆ, ಬೆಲೆ ಇಳಿಯುತ್ತದೆ, ಅಷ್ಟೆ. ಕೊಂಡ ತಿಂಗಳು, ಬಳಸಿದ ಬಗೆ, ಮಾಡಿಸಿದ ರಿಪೇರಿ, ಉಳಿದ ವಾರಂಟಿ ಇವುಗಳನ್ನು ಒಂದು ಚೀಟಿಯಲ್ಲಿ ಬರೆದು ವಸ್ತುವಿನೊಡನೆ ಕೊಡುವುದನ್ನು ನಮ್ಮ ಮನೆಗಳ ಮಕ್ಕಳು ರೂಢಿಸಿಕೊಳ್ಳಲಿ. ಇಳಿದ ಬೆಲೆಯನ್ನು ಅವರು ನಷ್ಟವೆಂದು ಎಣಿಸಬೇಕಾಗಿಲ್ಲ. ಆ ಹಣ ಎಂದೂ ಅವರದಾಗಿರಲಿಲ್ಲ.